ಕೊನೆಯ ದಿನಾಂಕವನ್ನು ವಿಸ್ತರಿಸಲಾಗಿದೆ

ಡಿಸೆಂಬರ್ 31ಕ್ಕೆ ವರ್ಷ ಮುಗಿಯುತ್ತದೆ ಎಂದು ಯಾರಾದರೂ ನಂಬಿದ್ದರೆ ಅವರು ಈ ರಾಜ್ಯದಲ್ಲಿ ಡಿಗ್ರಿ ಓದಿಲ್ಲ ಅಂತಲೇ ಲೆಕ್ಕ. ನಾನು ಓದುತ್ತಿದ್ದೇನೆ. ಅಂತಿಮ ವರ್ಷದ ಬಿ.ಎ., ಇತಿಹಾಸ ಮತ್ತು ಅರ್ಥಶಾಸ್ತ್ರ, ತಾಲ್ಲೂಕಿನ ಸರ್ಕಾರಿ ಕಾಲೇಜು.

ಇದು 2025ರ ಕೊನೆ. ಒಂದು ವಾರದಿಂದ ಫೋನಿನಲ್ಲಿ ಎಲ್ಲರೂ ವರ್ಷದ ಲೆಕ್ಕ ಒಪ್ಪಿಸುತ್ತಿದ್ದಾರೆ. ನಮ್ಮ ಕ್ಲಾಸಿನ ಹುಡುಗನೊಬ್ಬ ಯಾವ ಹಾಡನ್ನು ಎಷ್ಟು ಸಲ ಕೇಳಿದ ಅಂತ ಸ್ಪಾಟಿಫೈ ಬಣ್ಣಬಣ್ಣದ ಚೀಟಿ ಮಾಡಿ ಕೊಟ್ಟಿದೆ. ಬೆಂಗಳೂರಿನಲ್ಲಿರುವ ಅತ್ತೆಯ ಮಗಳು ತಿಂಗಳಿಗೊಂದು ಫೋಟೋ ಜೋಡಿಸಿ ರೀಲ್ಸ್ ಹಾಕಿದ್ದಾಳೆ. ನನಗೂ ಆಸೆಯಾಯಿತು. ಈ ವರ್ಷ ಮುಗಿಸಿದ್ದು ಏನೇನು ಅಂತ ಪಟ್ಟಿ ಮಾಡಲು ಕೂತೆ. ಐದನೇ ಸೆಮಿಸ್ಟರ್ ಮುಗಿದಿಲ್ಲ. ಪರೀಕ್ಷೆ ಜನವರಿ ಅನ್ನುತ್ತಾರೆ, ಯಾವ ವರ್ಷದ ಜನವರಿ ಅಂತ ಕೇಳುವ ಧೈರ್ಯ ಯಾರಿಗೂ ಇಲ್ಲ. ಹಿಂದಿನ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಬಂದಿಲ್ಲ. ಹೋದ ವರ್ಷದ ಸ್ಕಾಲರ್‌ಶಿಪ್ ಅರ್ಜಿ 'ಪರಿಶೀಲನೆಯಲ್ಲಿದೆ'. ಇಂಟರ್ನ್‌ಶಿಪ್ ಮಾಡಬೇಕಂತೆ, ಎಲ್ಲಿ ಅಂತ ಇನ್ನೂ ತಿಳಿಸಿಲ್ಲ. ಪಟ್ಟಿಯಲ್ಲಿ ಉಳಿದದ್ದು ಒಂದೇ. ಫೋನಿನ ಡೇಟಾ. ಅದು ಮಾತ್ರ ದಿನಾ ಕರೆಕ್ಟಾಗಿ ಮುಗಿಯುತ್ತದೆ.

ಅಸಲಿಗೆ ವರ್ಷಕ್ಕೆ ಎಷ್ಟು ತಿಂಗಳು ಅನ್ನುವುದರಲ್ಲೇ ನಮ್ಮಲ್ಲಿ ಒಮ್ಮತ ಇಲ್ಲ. ಕ್ಯಾಲೆಂಡರಿನವರು 12 ಅನ್ನುತ್ತಾರೆ. ಸಾರಿಗೆ ಸಂಸ್ಥೆಯವರು ವಿದ್ಯಾರ್ಥಿ ಪಾಸನ್ನು 10 ತಿಂಗಳಿಗೆ ಕೊಡುತ್ತಾರೆ. ಉಳಿದ ಎರಡು ತಿಂಗಳು ನಾವು ಮನೆಯಲ್ಲಿ ಕೂತು ಮಾವಿನಹಣ್ಣು ತಿನ್ನುತ್ತಿರುತ್ತೇವೆ ಅಂತ ಅವರ ನಂಬಿಕೆ. ಪರೀಕ್ಷೆ ಬರುವುದು ಆ ಎರಡು ತಿಂಗಳಲ್ಲೇ ಅನ್ನುವುದು ಬೇರೆ ಮಾತು. ಹಣಕಾಸು ಇಲಾಖೆಗೆ ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಆ ವಾರ ಕಾಲೇಜಿಗೆ ದಿಢೀರಂತ ಜೀವ ಬರುತ್ತದೆ. ಯಾರೂ ಕೇಳದ ವಿಷಯದ ಮೇಲೆ ವಿಚಾರ ಸಂಕಿರಣ, ಬ್ಯಾನರು, ಗೋಡಂಬಿ ಹಾಕಿದ ಉಪ್ಪಿಟ್ಟು, ಬಿಲ್ಲು. ನಮ್ಮಜ್ಜಿಗೆ ಯುಗಾದಿಗೆ ವರ್ಷ. ವಿಶ್ವವಿದ್ಯಾಲಯಗಳ ಮೇಲಿರುವ ಯುಜಿಸಿ ಸೆಮಿಸ್ಟರಿಗೆ 90 ದಿನ ಪಾಠ ಆಗಬೇಕು ಅನ್ನುತ್ತದೆ. ಪಾಠ ಮಾಡುವವರು ಆ 90 ದಿನವೂ ಇರಬೇಕು ಅಂತ ಎಲ್ಲೂ ಬರೆದ ಹಾಗಿಲ್ಲ.

ಪಾಸಿನ ತಲೆನೋವು ಹುಡುಗರದ್ದು. ಹುಡುಗಿಯರಾದ ನಮಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್. ಇದನ್ನು ಆಡಿಕೊಳ್ಳುವವರು ಜಾಸ್ತಿ, ನಾನು ಆ ಗುಂಪಿಗೆ ಸೇರುವುದಿಲ್ಲ. ಈ ಟಿಕೆಟ್ ಇಲ್ಲದಿದ್ದರೆ ನಮ್ಮೂರಿನ ಕೆಲವು ಹುಡುಗಿಯರು ಪಿಯುಸಿಗೇ ನಿಂತುಬಿಡುತ್ತಿದ್ದರು. ನನ್ನ ತಕರಾರು ಏನಿದ್ದರೂ ಬಸ್ಸಿನದ್ದು. ಟಿಕೆಟ್ಟು ಬಂತು, ಬಸ್ಸು ಮೊದಲಿದ್ದಷ್ಟೇ ಇದೆ. ಬೆಳಗ್ಗೆ ಏಳೂಮುಕ್ಕಾಲಿನ ಗಾಡಿ ತಪ್ಪಿದರೆ ಮುಂದಿನದು ಬರುವ ಹೊತ್ತಿಗೆ ಕಾಲೇಜಿನಲ್ಲಿ ಎರಡನೇ ಪೀರಿಯಡ್. ಆ ಪೀರಿಯಡ್ಡು ನಡೆಯುವುದಿಲ್ಲ ಅನ್ನುವುದೊಂದೇ ಸಮಾಧಾನ.

ಯಾಕೆ ನಡೆಯುವುದಿಲ್ಲ ಅಂದರೆ, ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಮೇಲೆ. ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ನಾನು ಕಾಲೇಜು ಸೇರಿದ್ದು 2023ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಅವರೆಲ್ಲ ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಹೋರಾಟಕ್ಕೆ ಕೂತರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹದಿನೈದು ವರ್ಷ ಪಾಠ ಮಾಡಿದವರೂ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಕಾಯಬೇಕು. ಈ ವರ್ಷವಂತೂ ಅರ್ಹತೆಯ ವಿಷಯ ಕೋರ್ಟು ಮೆಟ್ಟಿಲು ಹತ್ತಿ, ಅವರ ನೇಮಕವೇ ತಡವಾಯಿತು. ನಾವು ಬೆಂಚಿನ ಮೇಲೆ, ಅವರು ಕೋರ್ಟಿನಲ್ಲಿ. ಆದರೂ ಹಾಜರಾತಿ 75% ಇರಲೇಬೇಕು. ನಡೆಯದ ಕ್ಲಾಸಿಗೆ ಗೈರುಹಾಜರಾದೆ ಅಂತ ಗೆಳತಿಯೊಬ್ಬಳಿಗೆ ನೋಟಿಸ್ ಬಂತು. ಅವಳು ತಪ್ಪೊಪ್ಪಿಗೆ ಪತ್ರ ಬರೆದು ಅಪ್ಪನ ಸಹಿ ಹಾಕಿಸಿಕೊಂಡು ಬಂದಳು. ಮುಂದೆ ಹಾಗೆ ಮಾಡುವುದಿಲ್ಲ ಅಂತ ಬೇರೆ ಬರೆದಿದ್ದಳು.

ಹಾಗಾದರೆ ನಮಗೆ ವಿದ್ಯೆ ಕೊಡುತ್ತಿರುವವರು ಯಾರು? ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ಅಣ್ಣ. ವಿಶ್ವವಿದ್ಯಾಲಯ ಎಲ್ಲಿದೆ ಅಂತ ನಾವ್ಯಾರೂ ನೋಡಿಲ್ಲ. ಘಟಿಕೋತ್ಸವದ ಫೋಟೋದಲ್ಲಿ ಒಂದು ಕಟ್ಟಡ ಕಾಣುತ್ತದೆ, ಅಷ್ಟೆ. ಅಣ್ಣ ಮಾತ್ರ ಬೆಳಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಇರುತ್ತಾನೆ. ಟೈಮ್‌ಟೇಬಲ್ ಪ್ರಾಂಶುಪಾಲರಿಗೆ ಬರುವ ಮೊದಲು ಅವನಿಗೆ ಬಂದಿರುತ್ತದೆ. ಸುತ್ತೋಲೆ ಅಂತ ವಾಟ್ಸಾಪಿನಲ್ಲಿ ಬರುವ ಪಿಡಿಎಫ್ ಯಾವಾಗಲೂ ಓರೆಯಾಗಿರುತ್ತದೆ, ಅರ್ಧ ಸಾಲು ನೆರಳಿನಲ್ಲಿ ಮುಳುಗಿರುತ್ತದೆ. ಅದನ್ನು ಓದಿ ಅರ್ಥ ಹೇಳುವ ವಿದ್ವಾಂಸ ಅವನೊಬ್ಬನೇ.

"ಅಣ್ಣಾ, ಪರೀಕ್ಷೆ ಫೀಸ್ ಕಟ್ಟೋಕೆ ಇವತ್ತೇ ಲಾಸ್ಟ್ ಡೇಟಾ?"

"ಇವತ್ತು ದಂಡ ಇಲ್ಲದ ಲಾಸ್ಟ್ ಡೇಟಮ್ಮ. ಆಮೇಲೆ ದಂಡ ಸಹಿತ ಲಾಸ್ಟ್ ಡೇಟ್ ಬರುತ್ತೆ. ಅದಾದ ಮೇಲೆ ವಿಶೇಷ ದಂಡದ್ದು. ಅದೂ ಮುಗಿದ ಮೇಲೆ ಸರ್ವರ್ ಕೈಕೊಟ್ಟಿತ್ತು ಅಂತ ದಂಡ ಇಲ್ಲದ್ದನ್ನೇ ವಿಸ್ತರಿಸ್ತಾರೆ."

"ಹಾಗಾದ್ರೆ ಈಗ ಕಟ್ಟಲಾ, ಬೇಡ್ವಾ?"

"ಕಟ್ಬಿಡು. ವಿಸ್ತರಿಸೋದು ಕಟ್ಟಿದವರಿಗಲ್ಲ."

ಇಷ್ಟು ಸ್ಪಷ್ಟವಾಗಿ ಮೂರು ವರ್ಷದಲ್ಲಿ ನನಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಇಂಟರ್ನಲ್ ಅಸೈನ್‌ಮೆಂಟೂ ಅವನ ಹತ್ತಿರವೇ ಸಿಗುತ್ತದೆ. ಹೆಸರು ಬರೆಯುವ ಜಾಗ ಮಾತ್ರ ಖಾಲಿ. ಹಿಂದಿನ ಬ್ಯಾಚಿನವಳೊಬ್ಬಳು ಚೆಂದದ ಕೈಬರಹದಲ್ಲಿ ಬರೆದದ್ದನ್ನು ನಾವೆಲ್ಲ ಸಲ್ಲಿಸಿದ್ದೇವೆ, ಅದರಲ್ಲಿದ್ದ ಒಂದು ಕಾಗುಣಿತ ತಪ್ಪನ್ನೂ ಸೇರಿಸಿ. ನಮಗೆ ಮಾರ್ಕ್ಸು ಬೇರೆ ಬೇರೆ ಬಂತು.

ಹಿಂದಿನ ಬ್ಯಾಚಿನ ನೋಟ್ಸು ನಮಗೆ ದಕ್ಕಿತು. ನಮ್ಮದು ಮುಂದಿನವರಿಗೆ ದಕ್ಕುವುದಿಲ್ಲ. 2021ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲು ಅಂತ ಎದೆ ತಟ್ಟಿಕೊಂಡು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ನಾಲ್ಕನೇ ವರ್ಷ ಓದಿದರೆ ಆನರ್ಸ್ ಅಂದರು. 2024ರಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗ ಮಧ್ಯಂತರ ವರದಿ ಕೊಟ್ಟಿದ್ದೇ ತಡ, ಆದೇಶ ಬಂತು. ಅಂತಿಮ ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಸೇರಿದ ನಾವು ಹಳೇ ನೀತಿಯ ಕೊನೇ ಬ್ಯಾಚು. ನಮಗೆ ಪರೀಕ್ಷೆ 60, ಇಂಟರ್ನಲ್ 40. ನಮ್ಮ ನಂತರ ಸೇರಿದವರಿಗೆ 80 ಮತ್ತು 20. ನಾನು ಕಷ್ಟಪಟ್ಟು ಬರೆದ ನೋಟ್ಸನ್ನು ಜೂನಿಯರ್ ಹುಡುಗಿಗೆ ಕೊಡಲು ಹೋದೆ. ಅವಳು ಎರಡು ಪುಟ ತಿರುವಿ, "ಅಕ್ಕ, ನಮ್ದು ಎಸ್‌ಇಪಿ," ಎಂದು ವಾಪಸ್ ಕೊಟ್ಟಳು. ಕರುಣೆಯಿಂದಲೇ ಹೇಳಿದಳು. ಮೌರ್ಯರು ಎರಡು ನೀತಿಯಲ್ಲೂ ಅವರೇ, ಅಶೋಕ ಎರಡರಲ್ಲೂ ಕಳಿಂಗ ಯುದ್ಧ ಮಾಡುತ್ತಾನೆ. ಆದರೆ ಯಾವ ಸೆಮಿಸ್ಟರಿನಲ್ಲಿ ಮಾಡುತ್ತಾನೆ ಅನ್ನುವುದು ವಿಧಾನಸೌಧದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಹಳೇ ನೀತಿಯಲ್ಲಿ ಒಂದು ಒಳ್ಳೆಯ ಪೇಪರಿತ್ತು, ಡಿಜಿಟಲ್ ಫ್ಲೂಯೆನ್ಸಿ. ಕೃತಕ ಬುದ್ಧಿಮತ್ತೆ, ಡೇಟಾಬೇಸ್, ಸೈಬರ್ ಭದ್ರತೆ ಎಲ್ಲ ಇತ್ತು. ನಾವು ಅದನ್ನು ಸೀಮೆಸುಣ್ಣದಲ್ಲಿ ಕಲಿತೆವು. ಲ್ಯಾಬಿನ ಬೀಗದಕೈ ಇಟ್ಟುಕೊಂಡವರು ಡೆಪ್ಯುಟೇಷನ್ ಮೇಲೆ ಹೋಗಿದ್ದರು. ಕಂಪ್ಯೂಟರಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂದರೆ ಈಗಲೂ ಕಣ್ಣುಮುಚ್ಚಿ ಬರೆಯುತ್ತೇನೆ.

ಡಿಜಿಟಲ್ ವಿದ್ಯೆ ನಿಜವಾಗಿ ಹತ್ತಿದ್ದು ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ. ಮೊದಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ನಂಬರು, ಆರ್‌ಡಿ ಅಂತ ಶುರುವಾಗಿ ರೈಲಿನಷ್ಟು ಉದ್ದ ಇರುತ್ತದೆ. ಆಮೇಲೆ ದಾಖಲೆಗಳಿಗೆ ಇ-ದೃಢೀಕರಣ. ಅಂದರೆ ಸರ್ಕಾರವೇ ಕೊಟ್ಟ ಪ್ರಮಾಣಪತ್ರ ಸರ್ಕಾರದ್ದೇ ಹೌದು ಅಂತ ಸರ್ಕಾರಿ ಅಧಿಕಾರಿಯೊಬ್ಬರು ಸರ್ಕಾರಕ್ಕೆ ಹೇಳಬೇಕು. ನಂತರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಖಾತೆಗೆ ಆಧಾರ್ ಕೊಟ್ಟಿದ್ದೇನಲ್ಲ ಅಂದರೆ ಅದು ಲಿಂಕು, ಇದು ಎನ್‌ಪಿಸಿಐ ಮ್ಯಾಪಿಂಗು, ಬೇರೆ ಬೇರೆ ಅನ್ನುತ್ತಾರೆ. ಆಧಾರಿನಲ್ಲಿ ನನ್ನ ಇನಿಶಿಯಲ್ ಹೆಸರಿನ ಹಿಂದೆ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮುಂದೆ ಇದೆ. ಹಾಗಾಗಿ ಕಂಪ್ಯೂಟರಿನ ಪ್ರಕಾರ ನಾವು ಇಬ್ಬರು. ಇಬ್ಬರಲ್ಲಿ ಒಬ್ಬಳಿಗಾದರೂ ದುಡ್ಡು ಬರಬಹುದಿತ್ತು, ಅದೂ ಬರಲಿಲ್ಲ.

ಈ ಎಲ್ಲ ಕಾಗದಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಆದಾಯ ಪ್ರಮಾಣಪತ್ರ. ಅದಕ್ಕೆ 5 ವರ್ಷ ಆಯಸ್ಸು. ಬಸ್ಸಿನ ದರ ಬದಲಾಗುತ್ತದೆ, ಶಿಕ್ಷಣ ನೀತಿ ಬದಲಾಗುತ್ತದೆ, ಮುಖ್ಯಮಂತ್ರಿ ಬದಲಾಗುತ್ತಾರಂತೆ ಅಂತ ಟೀವಿಯವರು ದಿನಾ ಸಂಜೆ ಹೇಳುತ್ತಾರೆ. ನಮ್ಮಪ್ಪನ ಆದಾಯ ಮಾತ್ರ 5 ವರ್ಷ ಅಲ್ಲಾಡುವುದಿಲ್ಲ ಅಂತ ಸರ್ಕಾರ ಮೊಹರು ಒತ್ತಿ ಬರೆದುಕೊಟ್ಟಿದೆ. ಇಷ್ಟು ಪಕ್ಕಾ ಭವಿಷ್ಯ ಹೇಳುವವರು ಇನ್ನೆಲ್ಲೂ ಸಿಗಲ್ಲ.

ನನ್ನ ಕಥೆ ಬಿಡಿ. ಮನೆಯಲ್ಲಿ ತಮ್ಮ ಹತ್ತನೇ ಕ್ಲಾಸು. ಅವನ ವರ್ಷ ಇನ್ನೂ ಸ್ವಾರಸ್ಯವಾಗಿದೆ. ದಸರಾ ರಜೆ ಅಂತ ಸೆಪ್ಟೆಂಬರ್ 20ಕ್ಕೆ ಶಾಲೆ ಬಾಗಿಲು ಹಾಕಿತು. ಅವನ ಮೇಷ್ಟ್ರುಗಳು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಹೊರಟರು. 60 ಪ್ರಶ್ನೆ, ಒಂದು ಆ್ಯಪು, ನೆಟ್‌ವರ್ಕ್ ಹುಡುಕಿಕೊಂಡು ತೆಂಗಿನ ತೋಟದ ಬದುವಿನ ಮೇಲೆ ನಿಂತ ವಿಜ್ಞಾನದ ಮೇಷ್ಟ್ರು. ನಮ್ಮ ಮನೆಗೂ ಬಂದಿದ್ದರು. ಅಪ್ಪನಿಗೆ ಪ್ರಶ್ನೆ ಕೇಳುತ್ತಾ ನಡುವೆ ತಮ್ಮನನ್ನು ನೋಡಿ "ಬೆಳಕಿನ ವಕ್ರೀಭವನ ಓದ್ಕೊಂಡ್ಯೇನೋ?" ಅಂದರು. ಸಮೀಕ್ಷೆ ಮುಗಿಯಲಿಲ್ಲ. ಅಕ್ಟೋಬರ್ 18ರ ತನಕ ರಜೆಯನ್ನೇ ವಿಸ್ತರಿಸಿದರು. ನನ್ನ ಜೀವನದಲ್ಲಿ ಸರ್ಕಾರ ಏನನ್ನು ವಿಸ್ತರಿಸಿದರೂ ಅಳು ಬರುತ್ತದೆ, ತಮ್ಮನಿಗೆ ಮಾತ್ರ ಅವತ್ತು ಕುಣಿಯುವಷ್ಟು ಖುಷಿಯಾಯಿತು. ಈಗ ತೀರಿಸುತ್ತಿದ್ದಾನೆ. ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ನಡುವೆ ಇರುವ ಮಾಮೂಲಿ ತರಗತಿಯಲ್ಲಿ ನಿದ್ದೆ.

ಅದೇ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಇನ್ನು ಮೇಲೆ 35 ಬೇಡ, ಒಟ್ಟು 33% ಬಂದರೆ ಪಾಸು. 625ಕ್ಕೆ 206. ಒಂದೊಂದು ವಿಷಯದಲ್ಲಿ 30 ಬಂದರೆ ಸಾಕು. ತಮ್ಮ ಅಲ್ಲಿಯವರೆಗೆ 35ಕ್ಕೆ ಓದುತ್ತಿದ್ದ. ಈಗ ಹೆಚ್ಚಾಗಿ ಓದಿರುವ ಐದು ಮಾರ್ಕ್ಸು ಏನು ಮಾಡಲಿ ಅಂತ ಕೇಳುತ್ತಾನೆ. ಶಾಲೆಯಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ತೆಳ್ಳನೆ ಪುಸ್ತಕ ಕೊಡುತ್ತಾರೆ. ಅದರಲ್ಲಿ ಬರುವುದನ್ನಷ್ಟೇ ಓದಿದರೆ ದಡ ಸೇರಬಹುದು. ಪಠ್ಯಪುಸ್ತಕದ ಉಳಿದ ಪುಟಗಳನ್ನು ಯಾಕೆ ಮುದ್ರಿಸುತ್ತಾರೆ ಅಂತ ಅವನಿಗೆ ಪ್ರಾಮಾಣಿಕವಾದ ಅನುಮಾನ.

ನಗಬೇಡಿ, ಇದಕ್ಕೊಂದು ಇತಿಹಾಸ ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89% ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸನ್ನು 10%ರಿಂದ 20%ಗೆ ಏರಿಸಿದ ಮೇಲೆ. ಒಂದು ಕೈಯಲ್ಲಿ ಕಾಪಿ ಹಿಡಿದರು, ಇನ್ನೊಂದು ಕೈಯಲ್ಲಿ ಮಾರ್ಕ್ಸ್ ಹಂಚಿದರು. ಕೃಪಾಂಕ ಯಾಕೆ ಕೊಟ್ಟಿರಿ ಅಂತ ಮುಖ್ಯಮಂತ್ರಿಗಳೇ ಸಿಟ್ಟಾದರು. ಈಗ ಆ ಗೊಂದಲವೇ ಇಲ್ಲ. ಹುಡುಗರು ಹಾರಲಿಲ್ಲ ಅಂದರೆ ಹಗ್ಗ ಇಳಿಸಿದರಾಯಿತು. ಜೊತೆಗೆ 2024ರಲ್ಲಿ ಪರೀಕ್ಷೆ-1, 2, 3 ಅಂತ ವರ್ಷಕ್ಕೆ ಮೂರು ಅವಕಾಶ ತಂದರು. ಇದು ಒಳ್ಳೆಯದೇ, ನಿಜವಾಗಿಯೂ. ನಮ್ಮ ಚಿಕ್ಕಮ್ಮ ಗಣಿತದಲ್ಲಿ ಒಂದು ಸಲ ಫೇಲಾಗಿ ಓದು ನಿಲ್ಲಿಸಿದವರು. ಅವರ ಕಾಲದಲ್ಲಿ ಇದ್ದಿದ್ದರೆ ಅಂತ ಅನ್ನಿಸುತ್ತದೆ. ಆದರೆ ಪರೀಕ್ಷೆ ಮೂರು ಸಲ ಮಾಡುವ ಉತ್ಸಾಹದಲ್ಲಿ ಕಾಲು ಭಾಗವಾದರೂ ಪಾಠ ಒಂದು ಸಲ ಮಾಡುವುದಕ್ಕೆ ಬರಬಾರದೇ?

ಸರಿ, ಹೇಗೋ ಡಿಗ್ರಿ ಮುಗಿಯಿತು ಅಂತ ಇಟ್ಟುಕೊಳ್ಳಿ. ಆಮೇಲೆ? ನಮ್ಮ ಕಾಲೇಜಿನ ಸೀನಿಯರ್‌ಗಳೆಲ್ಲ ಧಾರವಾಡ, ಬೆಂಗಳೂರಿನ ವಿಜಯನಗರ ಅಂತ ಕೋಚಿಂಗ್ ಜಾಗಗಳಲ್ಲಿ ರೂಮು ಮಾಡಿಕೊಂಡಿದ್ದಾರೆ. ಹೋದ ವರ್ಷದ ಕೊನೆಯ ವಾರ ಅವರಿಗೆ ಮರೆಯಲಾಗದ್ದು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ಮಾಡಿತು. ಕನ್ನಡದ ಪ್ರಶ್ನೆಗಳು ಕನ್ನಡ ಬಲ್ಲವರಿಗೆ ಅರ್ಥವಾಗಲಿಲ್ಲ. ಇಂಗ್ಲಿಷ್ ಓದಿ, ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಉತ್ತರಿಸಬೇಕಿತ್ತು. ಗಲಾಟೆಯಾಯಿತು, ಮರುಪರೀಕ್ಷೆಗೆ ಮುಖ್ಯಮಂತ್ರಿಗಳು ಸೂಚಿಸಿದರು. ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ. ಮತ್ತೆ ತಪ್ಪು ಅನುವಾದ. ಹಳೇ ವರ್ಷದ ತಪ್ಪನ್ನು ಹೊಸ ವರ್ಷಕ್ಕೆ ಉಳಿಸಿಕೊಳ್ಳಬಾರದು ಅಂತ ಡಿಸೆಂಬರಿನಲ್ಲೇ ಮಾಡಿ ಮುಗಿಸಿದರು, ಅಷ್ಟು ಶಿಸ್ತು ಇದೆ.

ಇದರ ಜೊತೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆಗಳೇ ನಿಂತವು. ಓದುತ್ತಾ ಕೂತವರಿಗೆ ವಯಸ್ಸು ನಿಲ್ಲಲಿಲ್ಲ. ಕೊನೆಗೆ ಸರ್ಕಾರ ಒಂದು ಸಲಕ್ಕೆ ಅಂತ ವಯೋಮಿತಿಯಲ್ಲಿ 3 ವರ್ಷ ಸಡಿಲಿಸಿತು. ಫೀಸಿನ ದಿನಾಂಕ ವಿಸ್ತರಿಸಿದ್ದು ನೋಡಿದ್ದೇನೆ, ರಜೆ ವಿಸ್ತರಿಸಿದ್ದು ನೋಡಿದ್ದೇನೆ. ಯೌವನವನ್ನೇ ಆದೇಶ ಹೊರಡಿಸಿ ವಿಸ್ತರಿಸಿದ್ದು ಇದೇ ಮೊದಲು. ನಮ್ಮ ಸೀನಿಯರ್ ಅಣ್ಣನೊಬ್ಬ ತಲೆಯಲ್ಲಿ ಬಿಳಿಕೂದಲು ಕಂಡಾಗಲೆಲ್ಲ "ಸರ್ಕಾರದ ಲೆಕ್ಕದಲ್ಲಿ ಇದು ಕರಿ," ಅನ್ನುತ್ತಾನೆ.

ಕೆಲಸ ಸಿಗುವ ತನಕ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ತನಕ. ಅದಕ್ಕೂ ಒಂದು ಶರತ್ತು. ಪಾಸಾಗಿ 180 ದಿನ ನಿರುದ್ಯೋಗಿಯಾಗಿ ಕಳೆದಿರಬೇಕು. ಆಮೇಲೆ ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡುತ್ತಿರಬೇಕು. ನನ್ನ ಬದುಕಿನಲ್ಲಿ ನಿಯಮಿತವಾಗಿ ಸಲ್ಲಿಸಬೇಕಾದ ವರದಿ ಅದೊಂದೇ ಆಗಬಹುದು. ಈ ಯೋಜನೆಗೆ ನೋಂದಣಿ ಶುರುವಾದದ್ದೂ ಡಿಸೆಂಬರಿನಲ್ಲೇ, 2023ರ 26ನೇ ತಾರೀಖು. ನಿರುದ್ಯೋಗಿ ಆಗಬೇಕಾದರೂ ಮೊದಲು ಫಲಿತಾಂಶ ಬರಬೇಕು. ಫಲಿತಾಂಶ ಬರದೆ ನಾನು ಕಾನೂನಿನ ಪ್ರಕಾರ ನಿರುದ್ಯೋಗಿಯೂ ಅಲ್ಲ.

ಇಷ್ಟೆಲ್ಲ ಬೈದರೂ ವಿಶ್ವವಿದ್ಯಾಲಯದ ಮೇಲೆ ನನಗೆ ಒಳಗೊಳಗೇ ಪ್ರೀತಿ ಇದೆ. ಕಾರಣ ಬೇರೆ. ನಮ್ಮೂರಿನಲ್ಲಿ ಹುಡುಗಿಯ ಡಿಗ್ರಿಗೂ ಅವಳ ಮದುವೆಗೂ ನಡುವೆ ಇರುವುದು ಒಂದೇ ಅಡ್ಡಗೋಡೆ, ಮಾರ್ಕ್ಸ್ ಕಾರ್ಡು. ಹೊಸ ವರ್ಷದ ಕ್ಯಾಲೆಂಡರ್ ಬಂದ ಕೂಡಲೇ ದೊಡ್ಡಮ್ಮ ಅದರಲ್ಲಿ ಲಗ್ನದ ದಿನ ಹುಡುಕುತ್ತಾರೆ. ಈ ಸಲವೂ ಬಂದಿದ್ದರು. ಕಾಫಿ ಕುಡಿದು, ಕ್ಯಾಲೆಂಡರ್ ತಿರುವಿ, ಅಪ್ಪನ ಕಡೆ ತಿರುಗಿದರು.

"ಮೇ ತಿಂಗಳಲ್ಲಿ ಒಳ್ಳೆ ಮುಹೂರ್ತ ಐತಂತೆ. ಇವಳ ಓದು ಅಷ್ಟೊತ್ತಿಗೆ ಮುಗೀತದಲ್ವಾ?"

ಅಪ್ಪ ನನ್ನ ಕಡೆ ನೋಡಿದರು.

"ಮೇಗೆ ಐದನೇ ಸೆಮಿಸ್ಟರ್ ರಿಸಲ್ಟ್ ಬಂದ್ರೆ ಹೆಚ್ಚು, ದೊಡ್ಡಮ್ಮ. ಆರನೇದು ಆಮೇಲೆ. ಆಮೇಲೆ ರಿವ್ಯಾಲ್ಯುಯೇಷನ್. ಆಮೇಲೆ ಮಾರ್ಕ್ಸ್ ಕಾರ್ಡು. ಅದರಲ್ಲಿ ಹೆಸರು ತಪ್ಪಾಗಿದ್ರೆ ತಿದ್ದುಪಡಿಗೆ ಅರ್ಜಿ."

"ಅಯ್ಯೋ, ಅಷ್ಟೆಲ್ಲಾ ಆಗೋದು ಯಾವಾಗ?"

"ಸುತ್ತೋಲೆ ಬರಬೇಕು."

ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಹುಡುಗನ ಕಡೆಯವರಿಗೂ ಅವಸರ ಇಲ್ಲ ಬಿಡು ಅಂದರು. ಹುಡುಗ ಏನು ಮಾಡಿಕೊಂಡಿದ್ದಾನೆ ಅಂತ ಅಪ್ಪ ಕೇಳಿದರು.

"ಅವನೂ ಅದೆಂಥದೋ ಸರ್ಕಾರಿ ಪರೀಕ್ಷೆ ಬರ್ದವ್ನೆ. ಕೇಸು ನಡೀತಾ ಐತಂತೆ. ಅವನ ರಿಸಲ್ಟೂ ಬರ್ಬೇಕು."

ಇಬ್ಬರ ಫಲಿತಾಂಶವೂ ಬಂದ ಮೇಲೆ ಕೂತು ಮಾತಾಡೋಣ ಎಂದು ಎರಡೂ ಮನೆಯವರು ಒಪ್ಪಿದ್ದಾರೆ. ನಾನೂ ತುಂಬು ಮನಸ್ಸಿನಿಂದ ಒಪ್ಪಿದ್ದೇನೆ.